ತಾತನಿಗೆ ‘ನೀವು’ ಎಂದ ಹುಡುಗ: ಒಂದು ಪ್ರಕರಣ

ಇದನ್ನು ಬರೆಯಲು ಆ ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ನಾನು ಡೆಟ್ರಾಯ್ಟ್ ಹತ್ತಿರದ ಒಂದು ಊರಿನಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಮಕ್ಕಳ ಮನಸ್ಸಿನ ಬಗ್ಗೆ ಓದಿಕೊಂಡವಳಲ್ಲ. ಆದರೂ ಬರೆಯುತ್ತಿದ್ದೇನೆ. ಒಂದು ಮಗು ಹೆದರಿ ಕೂತಾಗ ನಾವು ದೊಡ್ಡವರು ಅದರ ಹೆದರಿಕೆಯನ್ನು ಕೇಳದೆ ನಮಗೆ ತೋಚಿದ ಹೆದರಿಕೆಗೆ ಮದ್ದು ಕೊಟ್ಟೆವು. ಹಾಗೆ ಎರಡು ಸಲ ಆಯಿತು. ಬೇರೆ ಮನೆಗಳಲ್ಲಿ ಅದು ಆಗದಿರಲಿ.

ಹಿನ್ನೆಲೆ

ಹುಡುಗನಿಗೆ 10 ವರ್ಷ. ಇಲ್ಲೇ ಹುಟ್ಟಿದವನು. ಮನೆಯಲ್ಲಿ ಕನ್ನಡ ಇದೆ. ಅಪ್ಪನ ಅಪ್ಪ, ಅಮ್ಮ ಮೈಸೂರಿನಲ್ಲಿದ್ದಾರೆ. ಬೇಸಿಗೆ ರಜೆಗೆ ಇವನು ಅಲ್ಲಿಗೆ ಹೋಗುತ್ತಾನೆ, ಇಲ್ಲವೇ ಅವರು ಇಲ್ಲಿಗೆ ಬರುತ್ತಾರೆ. ತಾತನಿಗೂ ಇವನಿಗೂ ತುಂಬಾ ಸಲಿಗೆ. ಮೊದಲಿನಿಂದಲೂ ಏಕವಚನವೇ. “ತಾತ, ನೀನು ಬಾ”, “ತಾತ, ನೀನು ಸುಳ್ಳು ಹೇಳ್ತಿದೀಯ.” ಅಜ್ಜಿ ಆಗಾಗ ತಿದ್ದುತ್ತಿದ್ದರು. ತಾತ ಮಾತ್ರ “ಬಿಡೇ, ನಂಗೆ ಹಾಗೇ ಇಷ್ಟ” ಎನ್ನುತ್ತಿದ್ದರು.

ಆ ವರ್ಷ ಫೆಬ್ರವರಿಯಲ್ಲಿ ತಾತ ಮನೆಯಲ್ಲೇ ತಲೆಸುತ್ತಿ ಬಿದ್ದರು. ಎದೆಬಡಿತ ತೀರಾ ನಿಧಾನವಾಗಿತ್ತು. ಬಡಿತವನ್ನು ಸರಿಯಾಗಿಡುವ ಪುಟ್ಟ ಯಂತ್ರ, ಪೇಸ್‌ಮೇಕರ್, ಹಾಕಿಸಬೇಕಾಯಿತು. ಮಗು ಹೆದರಿಕೊಳ್ಳುತ್ತದೆ ಎಂದು ಹುಡುಗನಿಗೆ ಯಾರೂ ಹೇಳಲಿಲ್ಲ. ಆದರೆ ಫೋನಿನ ಮಾತು ಅವನ ಕಿವಿಗೆ ಬಿದ್ದೇ ಬಿತ್ತು. ಅಪ್ಪ ಯಾರಿಗೋ ಹೇಳುತ್ತಿದ್ದರಂತೆ: “ಎದೆಗೆ ಮೆಷಿನ್ ಇಟ್ಟಿದ್ದಾರೆ. ಇನ್ನೇನೂ ತೊಂದರೆ ಇಲ್ಲ. ಹೊಸ ಮನುಷ್ಯ ಆಗ್ಬಿಟ್ಟಿದ್ದಾರೆ.” ಇದು ನಾವೆಲ್ಲ ದಿನಾ ಆಡುವ ಮಾತು, ಅಲ್ವಾ? ಮುಂದೆ ಇದೇ ಮಾತು ಎಷ್ಟು ಭಾರವಾಯಿತು ಎಂದು ಓದುತ್ತಾ ಹೋದರೆ ತಿಳಿಯುತ್ತದೆ.

ತಾತ, ಅಜ್ಜಿ ಮೇ ತಿಂಗಳಲ್ಲಿ ಇಲ್ಲಿಗೆ ಬರುವುದೆಂದು ನಿಶ್ಚಯವಾಯಿತು. ಅದಕ್ಕೆ ಕೆಲವು ವಾರ ಮುಂಚೆ, ಒಂದು ಶನಿವಾರ, ಮನೆಯವರು ಡೆಟ್ರಾಯ್ಟಿನ ಈಸ್ಟರ್ನ್ ಮಾರ್ಕೆಟ್‌ಗೆ ತರಕಾರಿ ತರಲು ಹೋಗಿದ್ದರು. ಅಲ್ಲಿ ರೋಬೊಕಾಪ್ ಎಂಬ ಸಿನಿಮಾ ನಾಯಕನ ಪ್ರತಿಮೆ ಇದೆ. 11 ಅಡಿ ಎತ್ತರದ ಕಂಚಿನ ವಿಗ್ರಹ. 2011ರಲ್ಲಿ ಅಭಿಮಾನಿಗಳು ಇಂಟರ್ನೆಟ್‌ನಲ್ಲಿ ಚಂದಾ ಎತ್ತಿ 60 ಸಾವಿರ ಡಾಲರಿಗಿಂತ ಜಾಸ್ತಿ ಕೂಡಿಸಿದ್ದರು. ಅದು ನೆಲೆ ಕಂಡಿದ್ದು 2025ರ ಕೊನೆಯಲ್ಲಿ. ಹುಡುಗ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ. ಅವನ ತಲೆ ಅದರ ಮೊಣಕಾಲಿಗಿಂತ ಸ್ವಲ್ಪ ಮೇಲಕ್ಕೆ ಬಂದಿತ್ತು. ಯಾರಿವನು, ಏನು ಕಥೆ ಎಂದು ದಾರಿಯುದ್ದಕ್ಕೂ ಕೇಳಿದ. “ಪೊಲೀಸ್ ರೋಬೊ” ಎಂದು ಅಪ್ಪ ಮುಗಿಸಿದರು.

ಮುಂದಿನ ವಾರ ನೆಂಟರ ಮನೆಯಲ್ಲಿ ದೊಡ್ಡ ಹುಡುಗನೊಬ್ಬ ರಾತ್ರಿ ಎಲ್ಲರೂ ಮಲಗಿದ ಮೇಲೆ ಇವನಿಗೆ ಟ್ಯಾಬ್‌ನಲ್ಲಿ ರೋಬೊಕಾಪ್ ಸಿನಿಮಾ ಹಾಕಿಕೊಟ್ಟ. ಮೊದಲನೇ ಭಾಗ ಪೂರ್ತಿ. ಎರಡನೇ ಭಾಗ ಸ್ವಲ್ಪ, ನಿದ್ದೆ ಬರುವವರೆಗೆ.

ಸಿನಿಮಾದಲ್ಲಿ ಏನಿದೆ

ಪಾಲ್ ವರ್ಹೋವನ್ ನಿರ್ದೇಶಿಸಿದ ಮೊದಲನೇ ಚಿತ್ರ 1987ರದ್ದು. ಇದೆಲ್ಲ ಆದ ಮೇಲೆ ನಾನು ಎರಡು ಸಲ ನೋಡಿದೆ. ಒಳ್ಳೆಯ ಚಿತ್ರ. ಮಕ್ಕಳ ಚಿತ್ರ ಮಾತ್ರ ಅಲ್ಲವೇ ಅಲ್ಲ. ಮರ್ಫಿ ಎಂಬ ಪೊಲೀಸನನ್ನು ಕಳ್ಳರ ಗುಂಪೊಂದು ಗುಂಡು ಹೊಡೆದು ಚಿಂದಿ ಮಾಡುತ್ತದೆ. ಪೊಲೀಸ್ ಇಲಾಖೆಯನ್ನೇ ನಡೆಸುವ ಒಂದು ಕಂಪನಿ ಉಳಿದ ದೇಹವನ್ನು ಯಂತ್ರಕ್ಕೆ ಜೋಡಿಸುತ್ತದೆ. ಅವನ ನೆನಪು ಅಳಿಸುತ್ತದೆ, ಹೆಸರನ್ನೂ ತೆಗೆಯುತ್ತದೆ. ಬದಲಿಗೆ ಕೆಲವು ಕಟ್ಟಳೆಗಳನ್ನು ತುಂಬುತ್ತದೆ: ಜನರ ನಂಬಿಕೆ ಉಳಿಸು, ಅಮಾಯಕರನ್ನು ಕಾಪಾಡು, ಕಾನೂನು ಎತ್ತಿಹಿಡಿ. ನಾಲ್ಕನೆಯದೊಂದು ಗುಟ್ಟಾಗಿರುತ್ತದೆ.

ರಕ್ತ ಎಷ್ಟಿತ್ತೆಂದರೆ, ಅಮೆರಿಕದಲ್ಲಿ ಚಿತ್ರಗಳಿಗೆ ದರ್ಜೆ ಕೊಡುವವರು ಮೊದಲು ಎಕ್ಸ್ ದರ್ಜೆ (ದೊಡ್ಡವರಿಗೆ ಮಾತ್ರ) ಕೊಟ್ಟರು. ಚಿತ್ರ ಮಾಡಿದವರು ಮತ್ತೆ ಮತ್ತೆ ಕತ್ತರಿಸಿ ಆರ್ ದರ್ಜೆಗೆ (ಮಕ್ಕಳು ದೊಡ್ಡವರ ಜೊತೆಯಲ್ಲಿ ಮಾತ್ರ ನೋಡಬಹುದು) ಇಳಿಸಿಕೊಂಡರು. ಆದರೆ ಮರುವರ್ಷವೇ, 1988ರಲ್ಲಿ, ಇದೇ ಪಾತ್ರದ ಮೇಲೆ ಮಕ್ಕಳ ಕಾರ್ಟೂನ್ ಬಂತು, ಅಂಗಡಿಗೆ ಗೊಂಬೆಗಳೂ ಬಂದವು. ದೊಡ್ಡವರ ಚಿತ್ರದ ಈ ನಾಯಕನನ್ನು ಮಕ್ಕಳಿಗೆ ಮಾರುವುದು ಅಂದೇ ಶುರುವಾಯಿತು. ಪ್ರತಿಮೆ ನೋಡಿದ 10 ವರ್ಷದ ಹುಡುಗ ಇದು ತನಗಾಗಿ ಇರುವ ಕಥೆ ಎಂದುಕೊಂಡರೆ ಅವನ ತಪ್ಪೇನೂ ಇಲ್ಲ.

ಸಮಸ್ಯೆ

ತಾತ, ಅಜ್ಜಿ ಬಂದರು. ವಿಮಾನ ನಿಲ್ದಾಣದಲ್ಲಿ ತಾತ ತಬ್ಬಿಕೊಳ್ಳಲು ಕೈ ಚಾಚಿದಾಗ ಹುಡುಗ ಕಾಲಿಗೆ ನಮಸ್ಕಾರ ಮಾಡಿದ. ಎಲ್ಲರಿಗೂ ಖುಷಿಯೋ ಖುಷಿ. ಆಮೇಲೆ “ತಾತ, ನೀವು ಊಟ ಮಾಡಿದ್ರಾ?” ಎಂದ. ಅಜ್ಜಿಯ ಕಣ್ಣಲ್ಲಿ ನೀರು ಬಂತು. ಅಮ್ಮ ನನಗೆ ಫೋನ್ ಮಾಡಿ, “ನಿಮ್ಮ ತರಗತಿಯಿಂದಲೇ ಇದು, ಬಹುವಚನ ಕಲಿತಿದ್ದಾನೆ” ಎಂದರು. ನನಗೂ ಹೆಮ್ಮೆಯಾಯಿತು. ಎರಡು ತಿಂಗಳಿಂದ ನಾವು ತರಗತಿಯಲ್ಲಿ ನೀನು, ನೀವು ಅಭ್ಯಾಸ ಮಾಡುತ್ತಿದ್ದೆವು.

ಮೊದಲ ಸುಳಿವನ್ನು ನಾವೆಲ್ಲ ಹೀಗೆ ಚಪ್ಪಾಳೆ ತಟ್ಟಿ ಕಳೆದುಕೊಂಡೆವು.

ವಾರ ಕಳೆಯುವಷ್ಟರಲ್ಲಿ ಬೇರೆ ಸಂಗತಿಗಳು ಕಂಡವು. ತಾತನ ಪಕ್ಕ ಮಲಗುವುದಿಲ್ಲ. ಸೋಫಾದಲ್ಲಿ ತಾತ ಕೂತರೆ ಇವನು ಎದ್ದು ಹೋಗುತ್ತಾನೆ. ರಾತ್ರಿ ಎರಡು ಸಲ ಎದ್ದು ಅಮ್ಮನ ಹತ್ತಿರ ಬಂದ. ಒಂದು ದಿನ ತಾತ ಇವನನ್ನು ಅಪ್ಪನ ಹೆಸರು ಹಿಡಿದು ಕೂಗಿದರು. ಮನೆಗಳಲ್ಲಿ ಹಿರಿಯರ ಬಾಯಲ್ಲಿ ಮಗನ ಹೆಸರು, ಮೊಮ್ಮಗನ ಹೆಸರು ಅದಲುಬದಲಾಗುವುದು ಇದ್ದದ್ದೇ. ಹುಡುಗ ಮಾತ್ರ ಬಿಳಿಚಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಹೊತ್ತಿಗೆ ಸರಿಯಾಗಿ ನೆಂಟರ ಹುಡುಗ ಸಿನಿಮಾದ ವಿಷಯ ಬಾಯಿಬಿಟ್ಟ. ಓಹ್, ಇದಾ ಕಾರಣ, ರಕ್ತ ನೋಡಿ ಹೆದರಿದ್ದಾನೆ ಎಂದು ಎಲ್ಲರೂ ತೀರ್ಮಾನ ಮಾಡಿದರು. ತಾತನನ್ನು ಕಂಡರೇ ಯಾಕೆ ದೂರ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಏನೇನು ಮಾಡಿ ನೋಡಿದೆವು

ಮೊದಲ ಪ್ರಯತ್ನ ಅಪ್ಪನದು. ಸಿನಿಮಾ ಹೇಗೆ ಮಾಡುತ್ತಾರೆ ಎಂದು ತೋರಿಸಿದರೆ ಹೆದರಿಕೆ ಇಳಿಯುತ್ತದೆ ಎಂದುಕೊಂಡರು. ಯೋಚನೆ ಒಳ್ಳೆಯದೇ. ಅದು ಡೆಟ್ರಾಯ್ಟ್ ಕಥೆಯಾದರೂ ಹೆಚ್ಚು ಚಿತ್ರೀಕರಣ ನಡೆದಿದ್ದು ಟೆಕ್ಸಾಸಿನ ಡಲ್ಲಾಸ್‌ನಲ್ಲಿ ಎಂದು ಹೇಳಿದರು. ನಟ ಪೀಟರ್ ವೆಲ್ಲರ್‌ಗೆ ಆ ಉಡುಪನ್ನು ಮೊದಲ ಸಲ ತೊಡಿಸಲು ಗಂಟೆಗಟ್ಟಲೆ ಹಿಡಿಯಿತು. ಅಲ್ಲಿನ ಬಿಸಿಲಿಗೆ ಅವನು ಒಳಗೇ ಬೆಂದುಹೋದ. ಆ ತೂಕದ ನಡಿಗೆ ಕಲಿಯಲು ಮೂಕಾಭಿನಯದ ಗುರು ಮೋನಿ ಯಾಕಿಮ್ ಬಳಿ ಪಾಠ ಹೇಳಿಸಿಕೊಂಡಿದ್ದ. ಚಿತ್ರದಲ್ಲಿ ಗುಂಡು ಹಾರಿಸುವ ದೈತ್ಯ ಯಂತ್ರವೊಂದಿದೆ, ಅದರ ಎಷ್ಟೋ ದೃಶ್ಯಗಳಿಗೆ ಫಿಲ್ ಟಿಪೆಟ್ ತಂಡ ಚಿಕ್ಕ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಚಿತ್ರ ತೆಗೆದಿತ್ತು. ಹುಡುಗ ಕಣ್ಣರಳಿಸಿ ಕೇಳಿದ, ನಕ್ಕ. ಕತ್ತರಿಸಿದ ಕೈ ರಬ್ಬರಿನದು ಎಂದಾಗ “ಗೊತ್ತು” ಎಂದ. ಆ ರಾತ್ರಿಯೂ ಎದ್ದು ಬಂದ.

ಎರಡನೇ ಪ್ರಯತ್ನದಿಂದ ಪೆಟ್ಟೇ ಬಿತ್ತು. ಮೂರನೇ ಭಾಗ (1993) ಮಕ್ಕಳೂ ನೋಡಲೆಂದು ರಕ್ತ ಕಡಿಮೆ ಮಾಡಿ ಪಿಜಿ-13 ದರ್ಜೆಗೆ (13ರೊಳಗಿನ ಮಕ್ಕಳ ವಿಷಯದಲ್ಲಿ ಹೆತ್ತವರಿಗೆ ಎಚ್ಚರಿಕೆ) ತಂದ ಚಿತ್ರ. ಅದರಲ್ಲಿ ಒಬ್ಬ ಪುಟ್ಟ ಹುಡುಗಿ ರೋಬೊನ ಜೊತೆಯಾಗುತ್ತಾಳೆ. ಒಳ್ಳೆಯ ನೆನಪು ಕೆಟ್ಟದ್ದನ್ನು ಅಳಿಸಲಿ ಎಂದು ಅಪ್ಪ ಇವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಹಾಕಿದರು. ಮೊದಲ ಚಿತ್ರದಲ್ಲಿ ರೋಬೊ ಯಾರೆಂದು ಎಲ್ಲರಿಗಿಂತ ಮೊದಲು ಗುರುತಿಸುವುದು ಜೊತೆಗಾತಿ ಪೊಲೀಸ್ ಲೂಯಿಸ್. ಮೂರನೇ ಭಾಗದಲ್ಲಿ ಅವಳು ಗುಂಡೇಟಿಗೆ ಸಾಯುತ್ತಾಳೆ. ಅಪ್ಪನಿಗೆ ಅದು ನೆನಪಿರಲಿಲ್ಲ. ಹುಡುಗ ಬಿಕ್ಕಿ ಬಿಕ್ಕಿ ಅತ್ತ. “ಇನ್ನು ಅವನು ಯಾರು ಅಂತ ಯಾರಿಗೂ ಗೊತ್ತಾಗಲ್ಲ” ಎಂದನಂತೆ.

ಈ ಮಾತು ಕೇಳಿದಾಗಲೇ ನಾವು ನಿಲ್ಲಬೇಕಿತ್ತು. ಹೆದರಿಕೆ ರಕ್ತದ್ದಲ್ಲ ಎಂದು ಅವನೇ ಹೇಳಿಬಿಟ್ಟಿದ್ದ. ಅಪ್ಪ ಅದನ್ನು ಬರೀ ಸಿನಿಮಾ ದುಃಖ ಎಂದುಕೊಂಡರು. 2014ರ ಹೊಸ ಚಿತ್ರವನ್ನೂ ತೋರಿಸುವವರಿದ್ದರು. ಅಮ್ಮ ಮೊದಲು ತಾವೊಬ್ಬರೇ ನೋಡಿ ಬೇಡವೇ ಬೇಡ ಎಂದರು. ಅದೂ ಪಿಜಿ-13 ದರ್ಜೆಯದೇ. ಆದರೆ ಅದರಲ್ಲಿ ನಾಯಕನ ಉಡುಪು ಬಿಚ್ಚಿ, ಒಳಗೆ ಉಳಿದಿರುವುದು ಮುಖ, ಶ್ವಾಸಕೋಶ, ಒಂದು ಕೈ ಇಂಥ ಕೆಲವೇ ಭಾಗ ಎಂದು ಅವನಿಗೇ ಕನ್ನಡಿಯಲ್ಲಿ ತೋರಿಸುವ ದೃಶ್ಯ ಇದೆ. ದರ್ಜೆ ಕೊಡುವವರು ರಕ್ತ, ಬೈಗುಳ ಲೆಕ್ಕ ಹಾಕುತ್ತಾರೆ. ಯಾವ ಮಗುವಿನ ಮನೆಯಲ್ಲಿ ಏನು ನಡೆದಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅದು ನಮ್ಮ ಕೆಲಸ.

ತಿರುವು

ಆ ಭಾನುವಾರ ತರಗತಿಯಲ್ಲಿ ‘ನಮ್ಮ ತಾತ’ ಅಥವಾ ‘ನಮ್ಮ ಅಜ್ಜಿ’ ಎಂದು ಐದು ವಾಕ್ಯ ಬರೆಯಲು ಕೊಟ್ಟಿದ್ದೆ. ಹುಡುಗ ಬರೆದಿದ್ದು ಹೀಗೆ: “ನಮ್ಮ ತಾತ ಮೈಸೂರಿನವರು. ನಮ್ಮ ತಾತ ಕಥೆ ಹೇಳುತ್ತಿದ್ದರು. ನಮ್ಮ ತಾತ ನನ್ನ ಜೊತೆ ಆಡುತ್ತಿದ್ದರು.” ಕಾಲ ತಪ್ಪಾಗಿದೆ ಎಂದು ನಾನು ಕೆಂಪು ಪೆನ್ನಿನಲ್ಲಿ ‘ಹೇಳುತ್ತಾರೆ’, ‘ಆಡುತ್ತಾರೆ’ ಎಂದು ತಿದ್ದಿ ಕೊಟ್ಟೆ. ಹತ್ತು ನಿಮಿಷ ಬಿಟ್ಟು ಅವನ ಡೆಸ್ಕ್ ಹತ್ತಿರ ಹೋದೆ. ಕೆಂಪು ಅಕ್ಷರದ ಮೇಲೆ ಅಡ್ಡ ಗೆರೆ ಎಳೆದು ಮತ್ತೆ ‘ಹೇಳುತ್ತಿದ್ದರು’ ಎಂದು ಬರೆದಿದ್ದ. ಪೆನ್ಸಿಲ್ ಒತ್ತಿ ಒತ್ತಿ ಹಾಳೆ ಹರಿದಿತ್ತು.

“ಪುಟ್ಟಾ, ತಾತ ಈಗ ಮನೇಲೇ ಇದ್ದಾರಲ್ಲ. ಹಾಗಾದ್ರೆ ‘ಹೇಳುತ್ತಾರೆ’ ಅಲ್ವಾ?”

“ಇಲ್ಲ ಟೀಚರ್. ಅದು ಮುಂಚಿನ ತಾತ. ಈಗ ಇರೋದು ಹೊಸ ತಾತ.”

ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಆ ‘ನೀವು’ ಮರ್ಯಾದೆಯದಲ್ಲ, ಗೊತ್ತಿಲ್ಲದವರಿಗೆ ಹೇಳುವ ‘ನೀವು’ ಎಂದು ಆಗ ಅರ್ಥವಾಯಿತು. ತರಗತಿ ಮುಗಿದ ಮೇಲೆ ಹೊರಗಿನ ಮೆಟ್ಟಿಲ ಮೇಲೆ ಕೂತು ಅವನಿಗೆ ಮಾತಾಡಲು ಬಿಟ್ಟೆ. ಎಲ್ಲ ಹೊರಗೆ ಬಂತು. ಎದೆಗೆ ಮೆಷಿನ್. ಹೊಸ ಮನುಷ್ಯ. ಕರೆಯುವಾಗ ಹೆಸರು ಮರೆತಿದ್ದು. ಮೊದಲ ಚಿತ್ರದಲ್ಲಿ ಮರ್ಫಿ ತನ್ನ ಹಳೇ ಮನೆಗೆ ಹೋಗುತ್ತಾನೆ. ಮನೆ ಮಾರಾಟಕ್ಕಿದೆ, ಒಳಗೆ ಯಾರೂ ಇಲ್ಲ, ಹೆಂಡತಿ ಮಗನ ನೆನಪು ತುಣುಕು ತುಣುಕಾಗಿ ಬಂದು ಹೋಗುತ್ತದೆ. ಎರಡನೇ ಭಾಗದಲ್ಲಿ (1990) ಹೆಂಡತಿ ಅವನನ್ನು ನೋಡಲು ಬಂದು ಮುಖ ಮುಟ್ಟುತ್ತಾಳೆ. ನಿನ್ನ ಗಂಡ ಸತ್ತಿದ್ದಾನೆ, ನೀನು ಯಾರೋ ನನಗೆ ಗೊತ್ತಿಲ್ಲ ಎಂದುಬಿಡುತ್ತಾನೆ. ಟ್ಯಾಬ್‌ನಲ್ಲಿ ಇವನು ಅಲ್ಲಿಯವರೆಗೇ ನೋಡಿದ್ದು.

ಕೊನೆಗೆ ಕೇಳಿದ: “ಟೀಚರ್, ತಾತ ಸೈಬಾರ್ಗ್ ಅಲ್ವಾ?” ಅರ್ಧ ಮನುಷ್ಯ, ಅರ್ಧ ಯಂತ್ರ ಅಲ್ವಾ ಎಂದು.

ಈ ಪ್ರಕರಣದಲ್ಲಿ ನಾನು ತುಂಬಾ ಯೋಚಿಸಿದ್ದು ಈ ಪ್ರಶ್ನೆಯ ಮುಂದೆ. ‘ಛೆ, ಇಲ್ಲ ಪುಟ್ಟ’ ಎನ್ನುವುದು ಸುಲಭ. ಆದರೆ ಅವನು ಬುದ್ಧಿವಂತ. ಮೆಷಿನ್ ಇರುವುದು ನಿಜ ಎಂದು ಅವನಿಗೆ ಗೊತ್ತು. ನಾನು ಇಲ್ಲ ಎಂದರೆ ನನ್ನ ಮುಂದಿನ ಮಾತನ್ನೂ ನಂಬುವುದಿಲ್ಲ. ಹೌದು ಎಂದರೆ ಹೆದರಿಕೆ ಗಟ್ಟಿಯಾಗಬಹುದು. ಅಂದು ನಾನು ಉತ್ತರ ಕೊಡಲಿಲ್ಲ. “ನಾಳೆ ಅಮ್ಮನ ಎದುರಿಗೆ ಹೇಳ್ತೀನಿ, ಸರಿಯಾಗಿ ತಿಳ್ಕೊಂಡು ಹೇಳ್ತೀನಿ” ಎಂದೆ. ರಾತ್ರಿ ಅಪ್ಪ, ಅಮ್ಮ, ನಾನು ಕೂತು ಮಾತಾಡಿದೆವು. ನಿಜವನ್ನೇ ಹೇಳುವುದು ಎಂದಾಯಿತು. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಹೋಗುವುದು ಎಂದೂ ಆಯಿತು. ಈ ಗಡುವು ಹಾಕಿಕೊಂಡಿದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ಸುಮ್ನೆ ದಿನ ತಳ್ಳುತ್ತಿದ್ದೆವೇನೋ.

ಮಾರನೆಯ ದಿನ ಹೇಳಿದೆ. ಹೌದು, ಆ ಪದದ ಅರ್ಥದಲ್ಲಿ ತಾತ ಸೈಬಾರ್ಗೇ. 1960ರಲ್ಲಿ ಮ್ಯಾನ್‌ಫ್ರೆಡ್ ಕ್ಲೈನ್ಸ್, ನೇಥನ್ ಕ್ಲೈನ್ ಎಂಬ ಇಬ್ಬರು, ಬಾಹ್ಯಾಕಾಶಕ್ಕೆ ಹೋಗುವ ಮನುಷ್ಯರ ಬಗ್ಗೆ ಯೋಚಿಸುತ್ತಾ ಆ ಪದ ಕಟ್ಟಿದರು. ಯಂತ್ರದ ನೆರವಿನಿಂದ ಬದುಕುವ ದೇಹ ಎಂಬುದೇ ಅದರ ತಿರುಳು. ಅದಕ್ಕೂ ಎರಡು ವರ್ಷ ಮುಂಚೆ, 1958ರಲ್ಲಿ, ಸ್ವೀಡನ್‌ನಲ್ಲಿ ಆರ್ನೆ ಲಾರ್ಸನ್ ಎಂಬವರಿಗೆ ಮೊದಲ ಬಾರಿಗೆ ಪೇಸ್‌ಮೇಕರನ್ನು ದೇಹದ ಒಳಗೆ ಇಟ್ಟರು. ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಬೇರೆ ಹಾಕಿದರು. ಜೀವನದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಪೇಸ್‌ಮೇಕರ್ ಬದಲಿಸಿಕೊಂಡು ಅವರು 86 ವರ್ಷ ಬದುಕಿದರು. 2001ರಲ್ಲಿ ತೀರಿಕೊಂಡರು. ಅಷ್ಟು ವರ್ಷವೂ ಅವರು ಆರ್ನೆ ಲಾರ್ಸನ್ನೇ.

ಆಮೇಲೆ ತಾತ ಶರ್ಟಿನ ಎರಡು ಗುಂಡಿ ಬಿಚ್ಚಿ ತೋರಿಸಿದರು. ಎಡ ಹೆಗಲ ಕೆಳಗೆ ಚರ್ಮದ ಅಡಿ ಚಿಕ್ಕ ಉಬ್ಬು. ಮೇಲೆ ಒಂದು ಗೆರೆ. ಅಲ್ಲಿಂದ ತಂತಿ ರಕ್ತನಾಳದೊಳಗೆ ಹೃದಯಕ್ಕೆ ಹೋಗುತ್ತದೆ, ಬಡಿತ ನಿಧಾನವಾದರೆ ಮಾತ್ರ ಸಣ್ಣ ವಿದ್ಯುತ್ ಕೊಟ್ಟು ಎಬ್ಬಿಸುತ್ತದೆ, ತಲೆಗೆ ಯಾವ ತಂತಿಯೂ ಹೋಗುವುದಿಲ್ಲ ಎಂದು ಅಮ್ಮ ಚಿತ್ರ ಬರೆದು ತೋರಿಸಿದರು. ಹುಡುಗ ಆ ಚಿತ್ರದಲ್ಲಿ ತಲೆಯ ಸುತ್ತ ಬೆರಳಾಡಿಸಿ ತಾನೇ ಖಾತ್ರಿ ಮಾಡಿಕೊಂಡ. ಮುಟ್ಟಿ ನೋಡು ಎಂದು ತಾತ ಕರೆದರು. ಮುಟ್ಟಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ.

ಸಿನಿಮಾವನ್ನೂ ನಾವು ಬದಿಗೆ ತಳ್ಳಲಿಲ್ಲ. ಹೆದರಿಸಿದ್ದು ಅದೇ. ಉತ್ತರವೂ ಅದರಲ್ಲೇ ಇತ್ತು. ಎರಡನೇ ಭಾಗದಲ್ಲಿ ಮರ್ಫಿ ಹೆಂಡತಿಗೆ ಹೇಳಿದ್ದು ಸುಳ್ಳು, ಕಂಪನಿಯವರ ಒತ್ತಡಕ್ಕೆ ಸಿಕ್ಕಿ ಹೇಳಿದ ಸುಳ್ಳು ಎಂದೆ. ನೆನಪಿಲ್ಲದಿದ್ದರೆ ಅವಳ ಮನೆ ಮುಂದೆ ಕಾರು ನಿಲ್ಲಿಸುತ್ತಿದ್ದನಾ? ಹುಡುಗ ಯೋಚಿಸಿದ. “ಲೂಯಿಸ್‌ಗೆ ಅವನೇ ಮರ್ಫಿ ಅಂತ ಹೇಗೆ ಗೊತ್ತಾಯ್ತು?” ಎಂದು ಅವನನ್ನೇ ಕೇಳಿದೆ.

ಥಟ್ಟನೆ ಹೇಳಿದ. ಗನ್ ತಿರುಗಿಸುವುದು. ಮರ್ಫಿಯ ಮಗನಿಗೆ ಟಿವಿಯಲ್ಲಿ ಬರುವ ಒಬ್ಬ ಪೊಲೀಸ್ ನಾಯಕ ಇಷ್ಟ. ಅವನ ಹಾಗೆ ಗನ್ ಬೆರಳಲ್ಲಿ ತಿರುಗಿಸಿ ಒರೆಗೆ ಹಾಕುವುದನ್ನು ಮರ್ಫಿ ಮಗನಿಗಾಗಿ ಕಲಿತಿರುತ್ತಾನೆ. ಹೆಸರು, ನೆನಪು ಎಲ್ಲ ಅಳಿಸಿದ ಮೇಲೂ ಆ ಲೋಹದ ಕೈ ಅದೇ ರೀತಿ ತಿರುಗಿಸುತ್ತದೆ. ಲೂಯಿಸ್ ಅದನ್ನು ನೋಡಿಯೇ ಗುರುತು ಹಿಡಿಯುತ್ತಾಳೆ.

“ಹಾಗಾದ್ರೆ ನೀನೂ ನೋಡು” ಎಂದೆ. ಅಷ್ಟೇ ಹೇಳಿದ್ದು. ಮುಂದಿನದು ಪೂರ್ತಿ ಅವನದೇ.

ಏನಾಯಿತು

ನೋಟ್‌ಬುಕ್‌ನಲ್ಲಿ ಏಳು ಸಾಲು ಬರೆದುಕೊಂಡ. ಮುಂಚಿನ ತಾತ ಮಾಡುತ್ತಿದ್ದ ಏಳು ಕೆಲಸ. ಯಾರಿಗೂ ತೋರಿಸಲಿಲ್ಲ. ಬೆಳಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ತಾತ ಕಾಫಿ ಆರಿಸುವುದನ್ನು ನೋಡಿದ. ಲೋಟ ಹಣೆಯವರೆಗೆ ಎತ್ತಿ ಡಬರಾಗೆ ಸುರಿಯುವುದು, ಮತ್ತೆ ಲೋಟಕ್ಕೆ, ಮತ್ತೆ ಡಬರಾಗೆ. ಕೊನೆಯಲ್ಲಿ ಮೇಲಿನ ನೊರೆಯನ್ನು ಚಮಚದಲ್ಲಿ ತೆಗೆದು ತಾತ ತಿರುಗಿ ನೋಡದೆಯೇ ಹಿಂದಕ್ಕೆ ಚಾಚಿದರು. ನೊರೆ ಯಾವತ್ತೂ ಇವನದು. ಅಮ್ಮ ನೋಡುತ್ತಿದ್ದರು. ಹುಡುಗ ಚಮಚ ತೆಗೆದುಕೊಂಡ, ಬಾಯಿಗೆ ಇಡಲಿಲ್ಲ. ಸಿಂಕ್ ಹತ್ತಿರ ಇಟ್ಟು ಹೋದ. ಆದರೆ ನೋಟ್‌ಬುಕ್‌ನಲ್ಲಿ ಒಂದು ಗುರುತು ಬಿತ್ತು.

ಕಥೆಯಲ್ಲಿ ನರಿಗೆ ಮೂಗಿನಲ್ಲಿ ಮಾತಾಡುವುದು, ಸೀನಿದರೆ ಮೂರೇ ಸಲ ಸೀನುವುದು, ಹೀಗೆ ಒಂದೊಂದಾಗಿ ಗುರುತು ಬೀಳುತ್ತಾ ಹೋಯಿತು. ಆರನೇ ದಿನ ಚೌಕಾಬಾರ. ತಾತ ಕವಡೆ ಮೈಸೂರಿನಿಂದಲೇ ತಂದಿದ್ದರು. ಅಜ್ಜಿ ಸೀಮೆಸುಣ್ಣದಲ್ಲಿ ಮನೆ ಬರೆದರು. ಹುಡುಗ ತಾತನ ಎದುರು ಕೂತ. ಆಟ ಅರ್ಧಕ್ಕೆ ಬಂದಾಗ ತಾತನಿಗೆ ಮೂರು ಬಿತ್ತು. ಕಾಯಿ ನಾಲ್ಕು ಮನೆ ಹೋಗಿ ಇವನ ಕಾಯಿಯನ್ನು ಹೊಡೆಯಿತು.

“ಮೂರು ಬಿದ್ದಿದ್ದು! ನಾಲ್ಕು ನಡೆಸ್ದೆ! ತಾತ, ನೀನು ಮೋಸ ಮಾಡ್ದೆ!”

“ನಾನಾ? ಎಲ್ಲೋ? ಸರಿಯಾಗಿ ಎಣಿಸು.”

“ಮೋಸ! ಮೋಸ!” ಎಂದು ಹುಡುಗ ಎದ್ದು ಕುಣಿದ. ಅಜ್ಜಿ ಬಯ್ಯಲು ಬಾಯಿ ತೆರೆದರು, ಅಮ್ಮ ಕೈ ಹಿಡಿದು ನಿಲ್ಲಿಸಿದರು. ಆಮೇಲೆ ಹುಡುಗ ಅಮ್ಮನಿಗೆ ಲೆಕ್ಕ ಒಪ್ಪಿಸಿದ. ರೋಬೊಕಾಪ್‌ಗೆ ಮೂರನೇ ಕಟ್ಟಳೆ ಕಾನೂನು ಎತ್ತಿಹಿಡಿಯುವುದು. ಅವನಿಗೆ ಮೋಸ ಮಾಡಲು ಆಗುವುದಿಲ್ಲ. ತಾತ ಇವತ್ತೂ ಮೋಸ ಮಾಡಿದ. ಅಂದರೆ ಇವನು ತಾತನೇ.

ಇಂಥ ವಾದ ನನಗೆ ನೂರು ವರ್ಷ ಕೂತರೂ ಹೊಳೆಯುತ್ತಿರಲಿಲ್ಲ. ಸಮಾಧಾನ ಹೇಳಲು ನಾವು ತಂದ ಮಾತೆಲ್ಲ ನಮ್ಮದು. ಅವನಿಗೆ ಬೇಕಿದ್ದು ಸಾಕ್ಷಿ, ಅದೂ ತಾನೇ ಕಣ್ಣಾರೆ ಕಂಡ ಸಾಕ್ಷಿ. ಮೇಕಿಂಗ್ ತೋರಿಸಿದ್ದು ತಪ್ಪಲ್ಲ, ಅದು ಬೇರೆ ಹೆದರಿಕೆಯ ಮದ್ದು. ಮೂರನೇ ಭಾಗವನ್ನು ಮೊದಲು ನಾವೊಮ್ಮೆ ನೋಡದೆ ಹಾಕಿದ್ದು ಮಾತ್ರ ಖಂಡಿತ ತಪ್ಪು. ಎಲ್ಲಕ್ಕಿಂತ ಹಿಂದಿನ ತಪ್ಪು ಫೆಬ್ರವರಿಯದು. ಎದೆಗೆ ಏನು ಇಟ್ಟರು, ಯಾಕೆ ಇಟ್ಟರು ಎಂದು ಅಂದೇ ಐದು ನಿಮಿಷ ಕೂತು ಹೇಳಿದ್ದರೆ ಆ ಖಾಲಿ ಜಾಗವನ್ನು ಸಿನಿಮಾ ತುಂಬುತ್ತಿರಲಿಲ್ಲ. ಅಪ್ಪನಿಗೆ ಈ ನೋವು ಇನ್ನೂ ಇದೆ.

ನಿದ್ದೆ ಎರಡು ವಾರದೊಳಗೆ ಸರಿಹೋಯಿತು, ಡಾಕ್ಟರ ಹತ್ತಿರ ಹೋಗಬೇಕಾಗಲಿಲ್ಲ. ಎಲ್ಲವೂ ಮೊದಲಿನಂತಾಯಿತು ಎಂದು ಮಾತ್ರ ಹೇಳಲಾರೆ. ತಾತನ ಪಕ್ಕ ಮಲಗಿದರೂ ಬಲಕ್ಕೇ ಮಲಗುತ್ತಿದ್ದ. ಉಬ್ಬನ್ನು ಒಮ್ಮೆ ಒಂದೇ ಬೆರಳಲ್ಲಿ ಮುಟ್ಟಿದ, ತಾತ ನಿದ್ದೆ ಹೋಗಿದ್ದಾಗ. ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಎಂದು ಕೇಳಿದ. ಸುಮಾರು ಹತ್ತು ವರ್ಷ ಎಂದು ಗೊತ್ತಾದಾಗ ತನಗೆ ಆಗ 20 ಎಂದು ಲೆಕ್ಕ ಹಾಕಿ ಸುಮ್ಮನಾದ.

ನನ್ನ ತರಗತಿಯಲ್ಲಿ ಎರಡು ಬದಲಾವಣೆ ಮಾಡಿಕೊಂಡಿದ್ದೇನೆ. ಮಗು ಬರೆದ ವಾಕ್ಯ ತಪ್ಪೆನಿಸಿದರೆ ಪೆನ್ನು ಎತ್ತುವ ಮುಂಚೆ, ಹೀಗೆ ಯಾಕೆ ಬರೆದೆ ಎಂದು ಕೇಳುತ್ತೇನೆ. ಊರಿನಲ್ಲಿ ಹಿರಿಯರಿಗೆ ಆಪರೇಷನ್ ಆದರೆ ಮಕ್ಕಳಿಗೆ ಏನು ಹೇಳಿದ್ದೀರಿ ಎಂದು ಮನೆಯವರನ್ನೂ ಕೇಳುತ್ತೇನೆ.

ಅಕ್ಟೋಬರಿನಲ್ಲಿ ತಾತ, ಅಜ್ಜಿ ಹೊರಟರು. ಮುಂದಿನ ಭಾನುವಾರ ಹುಡುಗ ಆ ನೋಟ್‌ಬುಕ್ ನನಗೆ ತೋರಿಸಿದ. ಆರು ಸಾಲಿನ ಮುಂದೆ ಗುರುತು ಇತ್ತು. ಏಳನೆಯದು, ತಾತ ರಸಪುರಿ ಮಾವಿನಹಣ್ಣನ್ನು ಹಿಚುಕಿ ಹಿಚುಕಿ ಮೆತ್ತಗೆ ಮಾಡಿ, ತುದಿ ಕಚ್ಚಿ ಹೀರಿ, ವಾಟೆಯನ್ನು ಇವನ ತಟ್ಟೆಗೆ ಹಾಕುವುದು. ಅದರ ಮುಂದೆ ಖಾಲಿ ಇತ್ತು. ರಸಪುರಿ ಇಲ್ಲಿ ಸಿಗಲಿಲ್ಲ. ಮುಂದಿನ ಬೇಸಿಗೆಗೆ ಮೈಸೂರಿಗೆ ಹೋದಾಗ ನೋಡುತ್ತಾನಂತೆ.